ಮೊದಲ ಸಲ ಎ.ಎ. ಮೀಟಿಂಗಿಗೆ ಹೋಗುವ ಮುಂಚೆ

ನಮ್ಮ ಕೊಡಗಿನಲ್ಲಿ ಕುಡಿಯುವವರನ್ನು ಯಾರೂ ಏನೂ ಕೇಳುವುದಿಲ್ಲ. ಬೇಡ ಎಂದವರನ್ನೇ ಯಾಕೆ, ಏನಾಯ್ತು, ಹುಷಾರಿಲ್ವಾ ಎಂದು ಕೇಳುತ್ತಾರೆ. ಮದುವೆ ಇರಲಿ, ಕೈಲ್‌ಪೊಳ್ದ್ ಹಬ್ಬ ಇರಲಿ, ಗ್ಲಾಸ್ ಕೈಗೆ ಬಂದೇ ಬರುತ್ತದೆ. ಇಂಥ ಊರಲ್ಲಿ ಕುಡಿತ ಬಿಡಬೇಕು ಎಂದು, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಮೀಟಿಂಗಿನ ಬಾಗಿಲು ತಟ್ಟಲು ಭಯವಾಗುವುದು ಸಹಜ. ನಾನು ಗೇಟಿನವರೆಗೆ ಹೋಗಿ ಎರಡು ಸಲ ವಾಪಸ್ ಬಂದಿದ್ದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ದಿನಾ ಜಾಸ್ತಿ ಕುಡಿಯುವವರಾದರೆ ಒಂದೇ ಏಟಿಗೆ ನಿಲ್ಲಿಸಬೇಡಿ. ಕೈ ನಡುಗುವುದು, ಬೆವರುವುದು ಮಾತ್ರವಲ್ಲ, ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರನ್ನು ನೋಡಿ. ಯಾರ ಹತ್ತಿರ ಹೋಗಬೇಕು ಗೊತ್ತಿಲ್ಲದಿದ್ದರೆ ಸರ್ಕಾರದ ನಶೆ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಮನಸ್ಸಿಗೆ ತುಂಬಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಮೀಟಿಂಗ್ ಇರುವ ಜಾಗ ಗೊತ್ತಾದ ಮೇಲೆ ಫೋನಿನಲ್ಲೇ ಮೂರು ವಿಷಯ ಕೇಳಿ: ಯಾವ ಭಾಷೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಓಪನ್ ಮೀಟಿಂಗಾ ಕ್ಲೋಸ್ಡಾ. ಓಪನ್ ಆದರೆ ಹೆಂಡತಿಯೋ ಅಣ್ಣನೋ ಜೊತೆಗೆ ಬರಬಹುದು, ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆನ್ನುವವರು ಮಾತ್ರ. ಮಡಿಕೇರಿಯಿಂದ ಒಳಗಿನ ಊರಿಗೆ ವಾಪಸ್ ಹೋಗಬೇಕಾದವರು ಕೊನೇ ಬಸ್ ನೋಡಿಕೊಳ್ಳಿ, ಮಳೆಗಾಲದಲ್ಲಂತೂ ಇದನ್ನು ಮರೆಯಲೇಬೇಡಿ. ಚರ್ಚಿನ ಹಾಲಿನಲ್ಲಿ ನಡೆಯುತ್ತದೆ ಎಂದರೆ ಗಾಬರಿ ಬೇಡ, ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ.

ಈಗ ನಿಜವಾದ ಭಯಕ್ಕೆ ಬರೋಣ. ಗುರುತಿನವರು ಯಾರಾದರೂ ಇದ್ದರೆ? ಇರಬಹುದು. ಇಷ್ಟು ಸಣ್ಣ ಜಿಲ್ಲೆಯಲ್ಲಿ ತೋಟದ ಪಕ್ಕದವರೋ, ದೂರದ ಸಂಬಂಧಿಕರೋ ಅಲ್ಲಿ ಕುರ್ಚಿಯಲ್ಲಿ ಕೂತಿರಬಹುದು, ಆದರೆ ಅವರೂ ನಿಮ್ಮ ಹಾಗೆಯೇ ಗೇಟಿನ ಹತ್ತಿರ ನಿಂತು ಎದೆ ಡವಡವ ಎನ್ನಿಸಿಕೊಂಡು ಒಳಗೆ ಬಂದವರು, ಅಲ್ವಾ? ಅಲ್ಲಿ ಕಂಡವರನ್ನು, ಕೇಳಿದ್ದನ್ನು ಹೊರಗೆ ಹೇಳಬಾರದು ಎಂಬುದು ಅಲ್ಲಿಯ ರೀತಿ. ನೀವೂ ಹಾಗೇ ನಡೆದುಕೊಳ್ಳಿ, ಮನೆಯಲ್ಲೂ ಹೆಸರು ಎತ್ತಬೇಡಿ. ಮನೆತನದ ಹೆಸರು ಯಾರೂ ಕೇಳುವುದಿಲ್ಲ, ನಿಮ್ಮ ಹೆಸರೊಂದು ಸಾಕು.

ಒಳಗೆ ಪಾಠ ಮಾಡುವ ಮೇಷ್ಟ್ರು ಇರುವುದಿಲ್ಲ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಕುಡಿತದಿಂದ ಸೋತಿದ್ದ ಇಬ್ಬರು, ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಸರ್ಜನ್, ತಮ್ಮ ತಮ್ಮ ಪಾಡು ಹೇಳಿಕೊಂಡಿದ್ದರಿಂದ ಇದು ಶುರುವಾಯಿತು, ಇವತ್ತಿಗೂ ನಡೆಯುವುದು ಅದೇ. ಒಬ್ಬರು ಮಾತಾಡುತ್ತಾರೆ, ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ನಿಮ್ಮ ಸರದಿ ಬಂದರೆ "ಇವತ್ತು ಸುಮ್ನೆ ಕೇಳ್ತೀನಿ" ಎನ್ನಿ. ಯಾರೂ ಬಲವಂತ ಮಾಡುವುದಿಲ್ಲ. ಅಳು ಬಂದರೆ ಅಳಿ. ಫೀಸಿಲ್ಲ. ಕೊನೆಗೆ ಕಾಣಿಕೆ ಡಬ್ಬಿ ಬಂದಾಗ ದುಡ್ಡು ಹಾಕಲೇಬೇಕೆಂದೂ ಇಲ್ಲ. ದೇವರ ಮಾತು, 12 ಮೆಟ್ಟಿಲು (ಕುಡಿತದಿಂದ ಹೊರಬರಲು ಎ.ಎ. ಹೇಳುವ 12 ಹಂತಗಳು) ಎಂದೆಲ್ಲ ಕೇಳಿಸುತ್ತದೆ, ಮೊದಲ ದಿನವೇ ಎಲ್ಲ ಒಪ್ಪಬೇಕಾಗಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ನೀವು ಅಲ್ಲಿಯವರೇ.

ಮುಗಿದ ತಕ್ಷಣ ಓಡಬೇಡಿ. ಟೀ ಕುಡಿಯುವ ಹೊತ್ತಿಗೆ, ಯಾರ ಮಾತು ಮನಸ್ಸಿಗೆ ತಟ್ಟಿತೋ ಅವರ ಫೋನ್ ನಂಬರ್ ಕೇಳಿ. ಬಸ್ ಸ್ಟ್ಯಾಂಡ್ ಹತ್ತಿರ ವೈನ್ ಶಾಪ್ ಕಂಡಾಗ, ಮುಂದಿನ ವಾರ ಮದುವೆಗೆ ಹೊರಡುವಾಗ, ಮೊದಲು ಅವರಿಗೆ ಫೋನ್ ಮಾಡಿ.