ರಾತ್ರಿ ಮಾತ್ರೆ, ಬೆಳಗಿನ ಟ್ರಿಪ್

ನಾನು ಮಂಗಳೂರು-ಉಡುಪಿ ರೂಟಿನಲ್ಲಿ ಬಸ್ ಕಂಡಕ್ಟರ್. 2016ರಿಂದ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಕೊಟ್ಟದ್ದು ಟೆನೋಫೋವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಮೂರೂ ಸೇರಿದ ಒಂದು ಮಾತ್ರೆ. ಎಚ್‌ಐವಿ ಮದ್ದು ಕೊಡುವ ಎಆರ್‌ಟಿ ಸೆಂಟರಿನಲ್ಲಿ ಉಚಿತ. ಮಲಗುವಾಗ ನುಂಗಬೇಕು.

ಮೊದಲ ವಾರ ಪೂರ್ತಿ ಕನಸುಗಳ ಕಾಟ. ತೀರಿಹೋದ ಅಜ್ಜಿ ಬಸ್ಸು ಹತ್ತಿ "ನಂಗೆಂಥ ಟಿಕೆಟ್ ಮಗಾ" ಅನ್ನುವುದು, ಕೂಳೂರು ಸಂಕದ ಮೇಲೆ ನೋಡಿದರೆ ಬಸ್ಸಿಗೆ ಚಕ್ರವೇ ಇಲ್ಲದಿರುವುದು, ಎದ್ದು ಮುಖ ತೊಳೆದ ಮೇಲೂ ಅದೆಲ್ಲ ನಡೆದದ್ದೇ ಅನ್ನಿಸುತ್ತಿತ್ತು. ಫಸ್ಟ್ ಟ್ರಿಪ್‌ನಲ್ಲಿ ಪಡುಬಿದ್ರಿ ದಾಟುವಾಗ ತಲೆ ಗಿರ್ರ್ ಅಂತು. ಕಂಬಿ ಹಿಡಿದು ನಿಂತೆ. ಇಪ್ಪತ್ತರ ಬದಲು ನೂರರ ನೋಟು ಚಿಲ್ಲರೆ ಕೊಟ್ಟಿದ್ದೆ, ಪುಣ್ಯಕ್ಕೆ ಆ ಅಜ್ಜ ವಾಪಸ್ ಕೊಟ್ಟರು. ಡ್ರೈವರ್ "ನಿನ್ನೆ ಜಾಸ್ತಿ ಆಯ್ತಾ ಮಾರಾಯ?" ಅಂದ. ನಗಾಡಿದೆ. ಕುಡುಕ ಅಂದುಕೊಂಡರೆ ಅಷ್ಟೇ ಸಾಕು ಅನ್ನಿಸಿತ್ತು ಆಗ.

ಮಾತ್ರೆ ಬಿಟ್ಟುಬಿಡುವ ಅಂತಲೇ ಸೆಂಟರಿಗೆ ಹೋದೆ. ಕೌನ್ಸೆಲರ್ ಮೇಡಂ ಕೇಳಿದ್ದು ಒಂದೇ, ರಾತ್ರಿ ಊಟ ಏನು, ಎಷ್ಟು ಹೊತ್ತಿಗೆ? ಕೊನೆ ಟ್ರಿಪ್ ಮುಗಿಸಿ ಹತ್ತು ಗಂಟೆಗೆ ಕೋಳಿ ಸುಕ್ಕವೋ ಮೀನು ಫ್ರೈಯೋ, ಅದರ ಮೇಲೆಯೇ ಮಾತ್ರೆ ಅಂದೆ. "ಅದೇ ಮತ್ತೆ! ಎಣ್ಣೆ ಜಿಡ್ಡಿನ ಊಟ ಆದ್ರೆ ಈ ಎಫಾವಿರೆಂಜ್ ರಕ್ತಕ್ಕೆ ಜಾಸ್ತಿ ಸೇರ್ತದೆ, ಕನಸು, ತಲೆ ತಿರುಗುವುದೂ ಜಾಸ್ತಿ ಆಗ್ತದೆ" ಅಂದರು. ಕೊನೆ ಟ್ರಿಪ್ ಬೇರೆಯವನಿಗೆ ಬಿಟ್ಟೆ, ಕೈಗೆ ಬರುವುದು ಸ್ವಲ್ಪ ಕಮ್ಮಿಯಾಯಿತು. ಏಳೂವರೆಗೆ ಗಂಜಿ-ಚಟ್ನಿ, ಹತ್ತಕ್ಕೆ ಮಾತ್ರೆ. ಮೂರ್ನಾಲ್ಕು ವಾರದಲ್ಲಿ ತಲೆ ತಿರುಗುವುದು ನಿಂತಿತು. ಅಜ್ಜಿ ಮಾತ್ರ ಆಗಾಗ ಬರುತ್ತಲೇ ಇದ್ದರು.

ಕೆಲವು ವರ್ಷದ ಮೇಲೆ ಎಫಾವಿರೆಂಜ್ ತೆಗೆದು ಡೊಲುಟೆಗ್ರಾವಿರ್ ಇರುವ ಮಾತ್ರೆ ಕೊಟ್ಟರು. ಕನಸು ಹೋಯಿತು, ಜೊತೆಗೆ ನಿದ್ದೆಯೂ ಹೋಯಿತು! ಡಾಕ್ಟರನ್ನು ಕೇಳಿ ಬೆಳಿಗ್ಗೆಗೆ ಬದಲಾಯಿಸಿಕೊಂಡೆ, ಸರಿಯಾಯಿತು. ತೂಕ ಏರಿದೆ, ಪ್ಯಾಂಟಿನ ಹುಕ್ಕು ಎರಡು ಸಲ ಹೊಲಿಸಿದ್ದೇನೆ.

ನಾನು ಮಾಡಿದ ದೊಡ್ಡ ತಪ್ಪು ಗ್ಯಾಸಿನ ಸಿರಪ್‌ನದು. ಹೊತ್ತುಹೊತ್ತಿಗೆ ಊಟ ಇಲ್ಲದ ಕೆಲಸ, ಎದೆಉರಿ ನಮಗೆಲ್ಲ ಇದ್ದದ್ದೇ, ಅಲ್ವಾ? ಬೆಳಿಗ್ಗೆ ಮಾತ್ರೆ ನುಂಗಿ ಅದರ ಹಿಂದೆಯೇ ಎರಡು ಮುಚ್ಚಳ ಸಿರಪ್ ಕುಡಿಯುತ್ತಿದ್ದೆ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮದ್ದು ಮೈಗೆ ಸರಿಯಾಗಿ ಸೇರುವುದೇ ಇಲ್ಲ. ಮಾತ್ರೆ ಆಗಿ ಎರಡು ಗಂಟೆ ಬಿಟ್ಟು ಸಿರಪ್, ಇಲ್ಲವೇ ಸಿರಪ್ ಆಗಿ ಆರು ಗಂಟೆ ಬಿಟ್ಟು ಮಾತ್ರೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಹೀಗೇ, ಆದರೆ ಅವನ್ನು ಊಟದ ಜೊತೆಗಾದರೆ ಒಟ್ಟಿಗೆ ತೆಗೆದುಕೊಳ್ಳಬಹುದು.

ಮೈಮೇಲೆ ಬೊಕ್ಕೆ ಎದ್ದು ಜ್ವರ ಬಂದರೆ, ಕಣ್ಣು ಹಳದಿಯಾದರೆ ಇಂಥ ಹೊಂದಾಣಿಕೆಯೆಲ್ಲ ಬೇಡ, ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಈಗ ಐದಕ್ಕೆ ಮಾತ್ರೆ, ಐದೂವರೆಗೆ ಬಸ್ಸು. ಸಿರಪ್ ಬೇಕಾದರೆ ಮಧ್ಯಾಹ್ನ, ಉಡುಪಿಯಲ್ಲಿ ಊಟ ಮಾಡಿದ ಮೇಲೆ.