ಹನ್ನೆರಡು ಅಡಿ ಮೇಜು, ಏಳು ಅಡಿ ಲಿಫ್ಟು

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. "ಮೇಡಂ, ಟೇಬಲ್ ಲಿಫ್ಟ್ ಒಳಗೆ ಹೋಗ್ತಿಲ್ಲ."

2016ರ ಮಾತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಅರವತ್ತು ಜನರ ಆಫೀಸು. ಪೀಠೋಪಕರಣ ತರಿಸುವ ಜವಾಬ್ದಾರಿ ಪೂರ್ತಿಯಾಗಿ ನನ್ನ ತಲೆಗೆ ಬಂದದ್ದು ಅದೇ ಮೊದಲು. ಮೀಟಿಂಗ್ ರೂಮಿಗೆ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು ಮಾಡಿಸಿದ್ದೆ. ಮೇಲ್ಹಲಗೆ ಒಂದೇ ತುಂಡು. ಸರ್ವಿಸ್ ಲಿಫ್ಟಿನ ಬಾಗಿಲು ಮೂರು ಅಡಿ ಅಗಲ, ಏಳು ಅಡಿ ಎತ್ತರ. ಮೆಟ್ಟಿಲಲ್ಲಿ ಹೊರಿಸೋಣವೆಂದರೆ ತಿರುವಿನಲ್ಲಿ ತಿರುಗಲಿಲ್ಲ. ಎರಡು ದಿನ ಅದು ಬೇಸ್‌ಮೆಂಟಿನಲ್ಲಿ ಯಾರದೋ ಕಾರಿನ ಜಾಗದಲ್ಲಿ ಮಲಗಿತ್ತು. ಮೂರನೇ ದಿನ ಬಡಗಿಯನ್ನು ಕರೆಸಿ ನಡುವೆ ಗರಗಸ ಹಾಕಿಸಿದೆ. "ಮಧ್ಯದಲ್ಲಿ ಇದೇನು ಗೆರೆ?" ಎಂದು ಕ್ಲೈಂಟ್ ಕೇಳಿದರು. ಡಿಸೈನ್ ಎಂದೆ. ಅವರು ನಂಬಿದರೋ, ಕನಿಕರಪಟ್ಟರೋ ಗೊತ್ತಿಲ್ಲ.

ಈಗ ಬಿಒಕ್ಯೂ, ಅಂದರೆ ಬೇಕಾದ ವಸ್ತು, ಕೆಲಸಗಳ ಅಳತೆ-ಲೆಕ್ಕದ ಪಟ್ಟಿ, ಬರೆಯುವ ಮೊದಲೇ ಟೇಪ್ ಹಿಡಿದು ಹೋಗುತ್ತೇನೆ. ಲಿಫ್ಟಿನ ಬಾಗಿಲು, ಒಳಗಿನ ಆಳ, ಎತ್ತರ, ಮೆಟ್ಟಿಲಿನ ತಿರುವು, ಬೇಸ್‌ಮೆಂಟಿಗೆ ಎಷ್ಟು ಎತ್ತರದ ಗಾಡಿ ಇಳಿಯುತ್ತದೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಸರಕು ಇಳಿಸಲು ಬಿಡುತ್ತಾರೆ, ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆಯೇ ಹೋಗದ ಲಿಫ್ಟುಗಳಿವೆ. ಅಂಥಲ್ಲಿ ಹಾಳೆಯನ್ನು ಹೊರಗೇ ಕತ್ತರಿಸಿ ಕಳಿಸುವಂತೆ ಮೊದಲೇ ಹೇಳಿರಬೇಕು. ದೊಡ್ಡ ಮೇಜನ್ನು ಆರಾರು ಅಡಿಯ ಎರಡು ತುಂಡಾಗಿಯೇ ಬರೆಯುತ್ತೇನೆ. ಕೂಡುವ ಗೆರೆಯ ಮೇಲೆ ಪ್ಲಗ್ ಪಾಯಿಂಟಿನ ಫ್ಲಾಪ್ ಬಾಕ್ಸ್ ಕೂರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕುರ್ಚಿ ಮೇಜು ಆರಿಸುವುದೇ ಕಷ್ಟದ ಕೆಲಸ ಎಂದುಕೊಂಡಿದ್ದೆ. ಕಷ್ಟವೆಲ್ಲ ಆರಿಸಿದ ಮೇಲೆ ಶುರುವಾಗುತ್ತದೆ. ವರ್ಕ್‌ಸ್ಟೇಷನ್‌ಗೆ "ಐದು ವಾರ ಸಾಕು" ಎಂದು ತಯಾರಕರು ಹೇಳಿದರೆ ನಾವು ಪಿಒ (ಖರೀದಿ ಆದೇಶ) ಕಳಿಸಿದ ದಿನದಿಂದ ಎಣಿಸುತ್ತೇವೆ. ಅವರು ಎಣಿಸುವುದು ಅಡ್ವಾನ್ಸ್ ಖಾತೆಗೆ ಬಿದ್ದು, ಶಾಪ್ ಡ್ರಾಯಿಂಗಿಗೆ (ತಯಾರಿಕೆಯ ನಕ್ಷೆಗೆ) ಸಹಿಯಾಗಿ, ಲ್ಯಾಮಿನೇಟ್ ಶೇಡ್ ಪಕ್ಕಾ ಆದ ದಿನದಿಂದ. ಈ ನಡುವೆ ಸದ್ದಿಲ್ಲದೆ ಹದಿನೈದು ದಿನ ಕರಗುತ್ತದೆ. ಹಾಗಾಗಿ ನನ್ನ ಎಕ್ಸೆಲ್‌ನಲ್ಲಿ ಪ್ರತಿ ವಸ್ತುವಿಗೂ ಸಹಿ, ಅಡ್ವಾನ್ಸ್, ಫ್ಯಾಕ್ಟರಿಯಿಂದ ಹೊರಡುವುದು, ಸೈಟಿನಲ್ಲಿ ಜೋಡಣೆ ಎಂದು ನಾಲ್ಕು ತಾರೀಕು ಇರುತ್ತವೆ. ಆಫೀಸಿನ ಬೀಗದ ಕೈ ಕ್ಲೈಂಟ್‌ಗೆ ಒಪ್ಪಿಸುವ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ.

ನಮ್ಮ ಪಂಚಾಂಗವನ್ನೂ ಅದರ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಆಷಾಢದಲ್ಲಿ ಹೊಸ ಆಫೀಸು ತೆರೆಯಲು ಹಿಂಜರಿಯುವ ಕ್ಲೈಂಟ್‌ಗಳು ಬಹಳ. ಎಲ್ಲರಿಗೂ ಶ್ರಾವಣವೇ ಬೇಕು, ಅದರಲ್ಲೂ ವರಮಹಾಲಕ್ಷ್ಮಿ ಹಬ್ಬದ ಆಸುಪಾಸು. ಲೋಹದ ಭಾಗಗಳಿಗೆ ಬಣ್ಣ ಹಾಕುವ ಪೀಣ್ಯದ ಪೌಡರ್ ಕೋಟಿಂಗ್ ಶೆಡ್‌ಗಳಲ್ಲಿ ಆಗ ಸಾಲು ಹಚ್ಚಬೇಕು. ಆಯುಧಪೂಜೆಗೆ ಯಂತ್ರ ನಿಲ್ಲುತ್ತದೆ. ದೀಪಾವಳಿಗೆ ರಾಜಸ್ಥಾನ, ಉತ್ತರಪ್ರದೇಶದ ಬಡಗಿಗಳು ಊರಿಗೆ ಹೊರಟರೆ ಯಾವಾಗ ಮರಳುತ್ತಾರೆಂದು ಮೇಸ್ತ್ರಿಗೂ ಗೊತ್ತಿರುವುದಿಲ್ಲ.

"ರೆಡಿ ಮೇಡಂ, ಪ್ಯಾಕಿಂಗ್ ಒಂದೇ ಬಾಕಿ" ಎಂಬ ಮಾತನ್ನು ನಂಬುವುದು ಬಿಟ್ಟು ವರ್ಷಗಳಾದವು. ಒಬ್ಬರು ವಾಟ್ಸಾಪ್‌ನಲ್ಲಿ ಸಾಲು ಸಾಲು ಮೇಜಿನ ಫೋಟೋ ಕಳಿಸಿದ್ದರು. ಚೆಂದವೇ ಇತ್ತು. ಆದರೆ ಪಾರ್ಟಿಷನ್ ಬಟ್ಟೆ ಕಿತ್ತಳೆ ಬಣ್ಣ, ನಾನು ಕೊಟ್ಟದ್ದು ಬೂದು. ಬೇರೆಯವರ ಮಾಲು! ಮರುದಿನ ಬೆಳಿಗ್ಗೆ ಶೆಡ್‌ಗೇ ಹೋದರೆ ನಮ್ಮ ಹಲಗೆಗಳಿಗೆ ಅಂಚಿನ ಪಟ್ಟಿ (ಎಡ್ಜ್ ಬ್ಯಾಂಡ್) ಕೂಡ ಅಂಟಿಸಿರಲಿಲ್ಲ. ಈಗ ಕೆಲಸದ ನಡುವೆ ಒಮ್ಮೆ ಖುದ್ದಾಗಿ ಹೋಗಿ ನೋಡುತ್ತೇನೆ. ದೂರವಿದ್ದರೆ ವಿಡಿಯೋ ಕಾಲ್, ಅದೂ ಮೊದಲೇ ತಿಳಿಸದೆ.

ಕೊಟೇಶನ್ ಹೋಲಿಸುವಾಗಲೂ ಒಮ್ಮೆ ಏಟು ತಿಂದಿದ್ದೇನೆ. ಒಬ್ಬರ ದರ ಕಡಿಮೆ ಎಂದು ಖುಷಿಪಟ್ಟೆ. ಕೊನೆಯಲ್ಲಿ ಸಾಗಣೆ, ಹಮಾಲಿ, ಜೋಡಣೆ, ಜಿಎಸ್‌ಟಿ ಎಲ್ಲ ಬೇರೆ ಬೇರೆ ಸೇರಿ ಅವರೇ ದುಬಾರಿಯಾದರು. ಈಗ ಎಲ್ಲರಿಂದಲೂ "ಸೈಟಿನಲ್ಲಿ ಜೋಡಿಸಿ ಕೊಟ್ಟ ದರ" ಎಂದೇ ಬರೆಸಿಕೊಳ್ಳುತ್ತೇನೆ. ತೆರಿಗೆ ಬಿಲ್ ದಿನದ ದರದಂತೆ ಎಂಬ ಸಾಲೂ ಇರುತ್ತದೆ. 2017ರ ನವೆಂಬರ್‌ನಲ್ಲಿ ಪೀಠೋಪಕರಣದ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಾಗ, ಹಳೆಯ ಪಿಒ ಹಿಡಿದುಕೊಂಡು ವಾರಗಟ್ಟಲೆ ಎಳೆದಾಡಿದ ನೆನಪು ಇನ್ನೂ ಇದೆ.

ಇನ್ನು ಕುರ್ಚಿ. ಎರಡು ನಿಮಿಷ ಕೂತು "ಇದೇ ಇರಲಿ" ಎನ್ನುವವರು ನಿರ್ದೇಶಕರು, ಒಂಬತ್ತು ಗಂಟೆ ಕೂರುವವರು ಅಕೌಂಟ್ಸ್‌ನವರು. ನಾನು ಸ್ಯಾಂಪಲ್ ತರಿಸಿ ಆಫೀಸಿನ ಅತಿ ಎತ್ತರದವರನ್ನೂ ಅತಿ ಗಿಡ್ಡನೆಯವರನ್ನೂ ಒಂದೊಂದು ದಿನ ಕೂರಿಸುತ್ತೇನೆ. ಕಾಲು ನೆಲಕ್ಕೆ ತಾಗದವರ ಮಾತಿಗೆ ನನ್ನಲ್ಲಿ ಬೆಲೆ ಜಾಸ್ತಿ. 2021ರಲ್ಲಿ ಕಂಟೇನರ್ ಅಭಾವವಾಗಿ ಹೊರದೇಶದ ಕುರ್ಚಿಗಳು ತಡವಾದಾಗ ಉದ್ಘಾಟನೆಗೆ ಬಾಡಿಗೆ ಕುರ್ಚಿ ಹಾಕಿಸಿದ್ದೆ. ಆಮೇಲೆ ಹೊರಗಿನಿಂದ ಬರುವ ಯಾವ ವಸ್ತುವಿಗೂ ಇಲ್ಲಿಯದೇ ಒಂದು ಬದಲಿಗೆ ಮೊದಲೇ ಕ್ಲೈಂಟ್‌ನ ಒಪ್ಪಿಗೆ ಪಡೆದಿರುತ್ತೇನೆ.

ನೂರಿಪ್ಪತ್ತು ಕುರ್ಚಿ ಬರುವುದು ಬಿಡಿಭಾಗಗಳ ಡಬ್ಬಿಯಲ್ಲಿ. ಡ್ರೈವರ್‌ಗೆ ಆತುರ, ಚಲನ್‌ಗೆ ಸಹಿ ಬೇಕು. "ಡಬ್ಬಿ ಮಾತ್ರ ಎಣಿಸಿದ್ದೇವೆ, ಒಳಗಿನದು ನೋಡಿಲ್ಲ" ಎಂದು ಬರೆದೇ ಸಹಿ ಹಾಕಿ ಅಂತ ನಮ್ಮ ಸೂಪರ್‌ವೈಸರ್‌ಗೆ ಹೇಳಿಟ್ಟಿದ್ದೇನೆ. ಲ್ಯಾಮಿನೇಟ್ ಮಾತ್ರ ಹೆಚ್ಚುವರಿ ಹಾಳೆ ಸೇರಿಸಿ ಒಂದೇ ಬ್ಯಾಚಿನಲ್ಲಿ ತರಿಸಬೇಕು. ನಾಲ್ಕು ಹಾಳೆ ಕಡಿಮೆ ಬಿತ್ತೆಂದು ಆಮೇಲೆ ತರಿಸಿದರೆ ಅದೇ ನಂಬರಿನಲ್ಲೇ ಬೇರೆ ಛಾಯೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಯಾರ ಪಟ್ಟಿಯಲ್ಲೂ ಇಲ್ಲದ ಕೆಲಸ. ನೆಲದ ಜಂಕ್ಷನ್ ಬಾಕ್ಸ್‌ವರೆಗೆ ವೈರ್ ತಂದು ಎಲೆಕ್ಟ್ರಿಷಿಯನ್ ಕೈ ತೊಳೆದುಕೊಂಡರು. ಮೇಜಿನ ಸ್ವಿಚ್ ಬಾಕ್ಸ್‌ವರೆಗೆ ಮಾಡಿಕೊಟ್ಟು ಫರ್ನಿಚರ್‌ನವರೂ ಹೊರಟರು. ನಡುವಿನ ಎರಡು ಅಡಿ ವೈರು ಯಾರದ್ದು? ನೂರಿಪ್ಪತ್ತು ಸೀಟಿನ ಆಫೀಸಿನಲ್ಲಿ ಆ ಎರಡಡಿಗಾಗಿ ಒಂದು ಭಾನುವಾರ ಪೂರ್ತಿ ಜಗಳ. ಈಗ ಅದು ಬಿಒಕ್ಯೂನಲ್ಲಿ ಒಂದು ಸಾಲು. ಫರ್ನಿಚರ್ ನಕ್ಷೆಯನ್ನು ಎಲೆಕ್ಟ್ರಿಕಲ್ ನಕ್ಷೆಯ ಮೇಲೆ ಇಟ್ಟು ಇಬ್ಬರಿಂದಲೂ ಸಹಿ ಹಾಕಿಸುತ್ತೇನೆ. ಇಲ್ಲದಿದ್ದರೆ ಬಾಕ್ಸ್ ಸರಿಯಾಗಿ ಮೇಜಿನ ಕಾಲಿನ ಕೆಳಗೇ ಬರುತ್ತದೆ.

ಹಣದ ವಿಷಯದಲ್ಲಿ ಕೊನೆಯ ಎರಡು ಪರ್ಸೆಂಟ್ ರಿಯಾಯಿತಿಗಾಗಿ ತಯಾರಕರನ್ನು ನಾನು ಹಿಂಡುವುದಿಲ್ಲ. ಹಿಂಡಿದ್ದನ್ನು ಅವರು ಹಿಂಜ್‌ನಲ್ಲೋ ಪ್ಲೈನಲ್ಲೋ ವಾಪಸ್ ತೆಗೆದುಕೊಳ್ಳುತ್ತಾರೆ. ಆದರೆ ಹತ್ತು ಪರ್ಸೆಂಟ್ ಬಾಕಿಯನ್ನು ಸ್ನ್ಯಾಗ್ ಪಟ್ಟಿ, ಅಂದರೆ ಸರಿಪಡಿಸಬೇಕಾದ ಸಣ್ಣಪುಟ್ಟ ಕೊರತೆಗಳ ಪಟ್ಟಿ, ಮುಗಿಯುವತನಕ ಹಿಡಿದೇ ಇಡುತ್ತೇನೆ.

ಕಳೆದ ತಿಂಗಳ ಸೈಟಿನಲ್ಲಿ ಆ ಪಟ್ಟಿ ಮೂವತ್ತೊಂದು ಸಾಲಿನಿಂದ ಒಂದಕ್ಕೆ ಇಳಿದಿತ್ತು: ಎರಡು ಡ್ರಾಯರಿಗೆ ಬೀಗದ ಕೈ ಇಲ್ಲ. ಸಂಜೆ ಶೆಡ್‌ನ ಹುಡುಗ ಸ್ಕೂಟರಿನಲ್ಲಿ ಬಂದು ಎರಡೂ ಕೈಗಳನ್ನು ಕೊಟ್ಟ. ಎರಡೂ ಬೀಗ ತೆಗೆದು ಹಾಕಿ ನೋಡಿ, ಅಲ್ಲೇ ನಿಂತು ಬಾಕಿ ಹಣಕ್ಕೆ ಕ್ಲೈಂಟ್‌ಗೆ ಮೇಲ್ ಹಾಕಿದೆ.