ಹಳೆಯ ಬೆಂಜ್‌ನ ಕರೆಂಟ್ ಕಾಟ: ಬಿಡಿಭಾಗ ಬದಲಿಸುವ ಮುನ್ನ ಅಳೆದು ನೋಡಿ

ಬೆಳಿಗ್ಗೆ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ ಕೇಳಿಸುತ್ತದೆ. ಮರುದಿನ ಅದೇ ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ವಾರ ಕಳೆಯುವಷ್ಟರಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಲುಕಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಹೊತ್ತಿಕೊಂಡು ಆರುವುದೇ ಇಲ್ಲ. ಹಳೆಯ ಐಷಾರಾಮಿ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಆಗ ಮೊದಲು ಬ್ಯಾಟರಿ ಬದಲಾಗುತ್ತದೆ, ಆಮೇಲೆ ಎಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟಾರ್, ಕೊನೆಗೆ ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೋ. ದುಡ್ಡು ಖರ್ಚಾದರೂ ದೋಷ ಇದ್ದಲ್ಲೇ ಇರುತ್ತದೆ.

ಮರ್ಸಿಡಿಸ್ ಬೆಂಜ್‌ನ ಡಬ್ಲ್ಯು124 ಮಾದರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1995ರಲ್ಲಿ ಪುಣೆಯಲ್ಲಿ ಜೋಡಣೆಯಾಗಿ ನಮ್ಮ ರಸ್ತೆಗಿಳಿದ ಇ-ಕ್ಲಾಸ್ ಇದೇ. ಇದರ ಎಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ತಾಳುತ್ತದೆ. ಆದರೆ ತಾಮ್ರ, ತಗಡು, ಪ್ಲಾಸ್ಟಿಕ್ ಒಂದಕ್ಕೊಂದು ತಾಗುವ ಜಾಗಗಳು ಅಷ್ಟು ವರ್ಷ ತಾಳುವುದಿಲ್ಲ. ಹಳೆಯ ಕಾರಿನ ವಿದ್ಯುತ್ ದೋಷದಲ್ಲಿ ಹೆಚ್ಚಿನ ಪಾಲು ಕೆಟ್ಟ ಬಿಡಿಭಾಗದ್ದಲ್ಲ, ಕೆಟ್ಟ ಜೋಡಣೆಯದ್ದು. ಅದನ್ನು ಹುಡುಕಲು ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ತಂತಿ ಬ್ರಷ್ ಮತ್ತು ಒಂದು ಭಾನುವಾರ ಸಾಕು.

ಕೈ ಹಾಕುವ ಮುನ್ನ

ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ಬ್ಯಾಟರಿ ಬಿಚ್ಚುವುದಾದರೆ ಮೊದಲು ನೆಗೆಟಿವ್ ತುದಿಯನ್ನು ತೆಗೆಯಿರಿ, ಕೂಡಿಸುವಾಗ ಅದನ್ನು ಕೊನೆಗೆ ಹಾಕಿ. ಕಂಪನಿಯ ರೇಡಿಯೊ ಇದ್ದರೆ ಅದರ ಕೋಡ್ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ಬ್ಯಾಟರಿ ಬಿಚ್ಚಿದ ಮೇಲೆ ರೇಡಿಯೊ ಅದನ್ನು ಕೇಳುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟೀರಿಂಗ್ ಒಳಗಿನ ವೈರುಗಳಿಗೆ ಮೀಟರ್ ತಾಗಿಸಲೇಬೇಡಿ. ಅದು ತರಬೇತಿ ಪಡೆದವರ ಕೆಲಸ.

ಬ್ಯಾಟರಿಯ ಲೆಕ್ಕ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ತುದಿಗಳಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ. 12.4 ಇದ್ದರೆ ಚಿಂತೆಯಿಲ್ಲ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಬರಿದಾಗಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.5ರ ನಡುವೆ ಇರಬೇಕು. ಈ ಮೂರು ಅಳತೆಗಳು ಸರಿಯಿದ್ದರೆ ಬ್ಯಾಟರಿ, ಡೈನಮೋ ಎರಡನ್ನೂ ಬಿಟ್ಟು ಮುಂದೆ ಹೋಗಿ.

ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ?

ಇಡೀ ಕೆಲಸದ ಜೀವಾಳ ಈ ಹಂತ. ಬಹಳ ಜನ ವೈರು ಸರಿಯಿದೆಯೇ ಎಂದು ತಿಳಿಯಲು ಮೀಟರನ್ನು ಓಮ್‌ಗೆ ತಿರುಗಿಸಿ ‘ಬೀಪ್’ ಬಂತು, ಸರಿಯಿದೆ ಎಂದುಕೊಳ್ಳುತ್ತಾರೆ. ನೂರು ಎಳೆಯ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ! ಸೆಲ್ಫ್ ಮೋಟಾರ್ ಎಳೆಯುವುದು ಸುಮಾರು 200 ಆಂಪಿಯರ್. ದಾರಿಯಲ್ಲಿ ಓಮ್‌ನ ಸಾವಿರದಲ್ಲಿ ಐದು ಭಾಗದಷ್ಟು ತಡೆ ಇದ್ದರೂ ಒಂದು ವೋಲ್ಟ್ ಅಲ್ಲೇ ನಷ್ಟ. ಅಷ್ಟು ಸಣ್ಣ ತಡೆ ಸಾಮಾನ್ಯ ಮೀಟರಿನ ಓಮ್ ಅಳತೆಯಲ್ಲಿ ಕಾಣಿಸುವುದೇ ಇಲ್ಲ.

ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ ಹಿಡಿಯಿರಿ. ಅದರ ಮೇಲಿನ ಕ್ಲಾಂಪ್‌ಗೆ ಅಲ್ಲ. ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ತೋರಿಸಿದರೆ ಒಳ್ಳೆಯದು. 0.5 ದಾಟಿದರೆ ಅರ್ಥ್ ದಾರಿಯಲ್ಲಿ, ಅಂದರೆ ಕರೆಂಟ್ ಎಂಜಿನ್ ಮತ್ತು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯಲ್ಲಿ, ತೊಂದರೆ ಇದೆ. ಈಗ ಎರಡನೆಯ ಮೊನೆಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ತನ್ನಿ: ಎಂಜಿನ್‌ನಿಂದ ಬಾಡಿಗೆ, ಬಾಡಿಯಿಂದ ಕೇಬಲಿನ ತುದಿಗೆ, ಅಲ್ಲಿಂದ ಕ್ಲಾಂಪ್‌ಗೆ. ಯಾವ ಎರಡು ಜಾಗಗಳ ನಡುವೆ ಅಂಕಿ ಥಟ್ಟನೆ ಇಳಿಯಿತೋ ಆ ಜೋಡಣೆಯೇ ಅಪರಾಧಿ. ಬೋಲ್ಟ್ ಬಿಚ್ಚಿ ನೋಡಿದರೆ ಹೆಣೆದ ಅರ್ಥ್ ಪಟ್ಟಿಯ ಕೆಳಗೆ ತುಕ್ಕು ಪುಡಿಯಾಗಿ ಕುಳಿತಿರುತ್ತದೆ. ಕರಾವಳಿಯಲ್ಲಿ ಓಡಿದ ಕಾರಾದರೆ ತಾಮ್ರದ ಮೇಲೆ ಹಸಿರು ಕಿಲುಬು. ಎರಡೂ ಮೈಗಳನ್ನು ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ.

ಪಾಸಿಟಿವ್ ದಾರಿಗೂ ಇದೇ ಕ್ರಮ. ಮಂದವಾದ ಹೆಡ್‌ಲೈಟ್‌ಗೂ ಇದೇ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ. ಹಳೆಯ ಬೆಂಜ್‌ನ ದೀಪವೇ ಹೀಗೆ ಎಂದು ಒಪ್ಪಿಕೊಂಡು ಕತ್ತಲಲ್ಲಿ ಓಡಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫ್ಯೂಸ್ ಸುಟ್ಟಿಲ್ಲ, ಆದರೂ ಕೆಟ್ಟಿದೆ

ಈ ಕಾರಿನ ಫ್ಯೂಸ್ ಈಗಿನ ಚಪ್ಪಟೆ ಬ್ಲೇಡ್ ಅಲ್ಲ. ಗುಂಡಿನ ಆಕಾರದ ಪುಟ್ಟ ಕಡ್ಡಿ, ಅದರ ಬೆನ್ನ ಮೇಲೆ ಲೋಹದ ಪಟ್ಟಿ, ಎರಡು ತುದಿಗಳನ್ನು ಹಿಡಿದ ಸ್ಪ್ರಿಂಗ್ ತಗಡುಗಳು. ಬಿಳಿ 8 ಆಂಪಿಯರ್, ಕೆಂಪು 16, ನೀಲಿ 25. ಕಣ್ಣಿಗೆ ಪಟ್ಟಿ ಇಡಿಯಾಗಿಯೇ ಕಾಣುತ್ತದೆ, ಆದರೆ ಮೊನೆಯ ಮೇಲೆ ಬೂದುಬಣ್ಣದ ತೆಳು ಪದರ ಕಟ್ಟಿರುತ್ತದೆ. ಇಗ್ನಿಷನ್ ಆರಿಸಿ, ಪ್ರತಿಯೊಂದು ಫ್ಯೂಸನ್ನೂ ಇದ್ದಲ್ಲೇ ಬೆರಳಿನಿಂದ ನಾಲ್ಕೈದು ಸುತ್ತು ತಿರುಗಿಸಿ. ಸತ್ತೇಹೋಗಿದ್ದ ವೈಪರ್ ಅಥವಾ ಪವರ್ ವಿಂಡೋ ಇಷ್ಟರಿಂದಲೇ ಎದ್ದು ಕೂತರೆ ಅಚ್ಚರಿಪಡಬೇಡಿ. ಅದು ತಾತ್ಕಾಲಿಕ ಪರಿಹಾರ. ಹಳೆಯ ಅಲ್ಯುಮಿನಿಯಂ ಪಟ್ಟಿಯ ಫ್ಯೂಸುಗಳನ್ನೆಲ್ಲ ತೆಗೆದು, ಅದೇ ಆಂಪಿಯರಿನ ತಾಮ್ರ ಪಟ್ಟಿಯವನ್ನು ಹಾಕಿ. ಹೆಚ್ಚು ಆಂಪಿಯರಿನದನ್ನು ಎಂದಿಗೂ ಹಾಕಬೇಡಿ, ವೈರೇ ಸುಡುತ್ತದೆ.

ಎಬಿಎಸ್ ದೀಪ ಬಿಡದೆ ಉರಿಯುತ್ತಿದ್ದರೆ, ಜೊತೆಗೆ ಎಂಜಿನ್ ನಿಂತಲ್ಲಿ ತಡಬಡಿಸುತ್ತಿದ್ದರೆ, ಬ್ಯಾಟರಿಯ ಹಿಂದಿರುವ ಬೆಳ್ಳಿಬಣ್ಣದ ಡಬ್ಬಿಯಂಥ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಹುಡುಕಿ. ಹೆಚ್ಚಿನ ವೋಲ್ಟೇಜ್‌ನಿಂದ ಕಾರಿನ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್‌ಗಳನ್ನು ಕಾಯುವ ರಿಲೇ ಅದು. ತಲೆಯ ಮೇಲೆ ಪುಟ್ಟ ಮುಚ್ಚಳ, ಅದರೊಳಗೆ ಫ್ಯೂಸ್ ಇರುತ್ತದೆ. ಫ್ಯೂಸ್ ಸರಿಯಿದ್ದರೂ ಒಳಗಿನ ಬೆಸುಗೆ ಕೂದಲೆಳೆಯಷ್ಟು ಸೀಳಿರಬಹುದು.

ಸೆಂಟ್ರಲ್ ಲಾಕ್ ಕೆಲಸ ಮಾಡದಿದ್ದರೆ ತಕ್ಷಣ ವೈರಿಂಗ್ ಬಿಚ್ಚಬೇಡಿ. ಈ ಕಾರಿನ ಬಾಗಿಲುಗಳನ್ನು ಬೀಗ ಹಾಕುವುದು ಗಾಳಿಯ ಪಂಪ್. ಪಂಪ್ ಓಡುವ ಸದ್ದು ಬಹಳ ಹೊತ್ತು ಕೇಳುತ್ತಿದ್ದರೆ ಎಲ್ಲೋ ರಬ್ಬರ್ ಕೊಳವೆ ಸೀಳಿದೆ ಎಂದರ್ಥ.

ರಾತ್ರಿಯ ಕಳ್ಳ

ನಿಲ್ಲಿಸಿದ ಕಾರಿನ ಬ್ಯಾಟರಿ ನಾಲ್ಕೈದು ದಿನದಲ್ಲಿ ಇಳಿಯುತ್ತಿದ್ದರೆ, ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರಿಗೆ ಇಟ್ಟು, ಕಂಬಕ್ಕೂ ಕೇಬಲಿಗೂ ನಡುವೆ ಸೇರಿಸಿ. ಬಾಗಿಲುಗಳೆಲ್ಲ ಮುಚ್ಚಿರಲಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹಾರುತ್ತದೆ, ಎಚ್ಚರಿಕೆ. ಅರ್ಧ ಗಂಟೆ ಕಾದ ಮೇಲೆ 50 ಮಿಲಿಆಂಪಿಯರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಬನ್ನಿ; ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಕಳ್ಳ ಆ ಮನೆಯಲ್ಲಿದ್ದಾನೆ. ಗ್ಲೌ ಬಾಕ್ಸಿನೊಳಗಿನ 5 ವ್ಯಾಟ್ ದೀಪ ಆರದೆ ಉಳಿದರೆ ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ ತಿನ್ನುತ್ತದೆ. ಡಿಕ್ಕಿ ದೀಪವೂ ಅಷ್ಟೇ. ಆಮೇಲೆ ಹಾಕಿಸಿದ ಸ್ಟೀರಿಯೊ, ಅಲಾರಂ ಮೇಲೆ ಮೊದಲ ಅನುಮಾನ ಇರಲಿ.

ಇಲ್ಲಿಗೆ ನಿಲ್ಲಿಸಿ

1990ರ ದಶಕದ ಮೊದಲರ್ಧದ ಪೆಟ್ರೋಲ್ ಮಾದರಿಗಳಲ್ಲಿ ಎಂಜಿನ್ ಮೇಲಿನ ವೈರಿಂಗ್‌ನ ಹೊದಿಕೆ ಬಿಸಿಗೆ ಒಣಗಿ ಪುಡಿಯಾಗುವುದು ಜಗತ್ತಿನೆಲ್ಲೆಡೆ ಗೊತ್ತಿರುವ ಸಂಗತಿ. ಒಂದು ಕನೆಕ್ಟರಿನ ರಬ್ಬರ್ ತೋಳನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ, ಒಳಗಿನ ವೈರನ್ನು ಚೂರೇ ಬಾಗಿಸಿ. ಹೊದಿಕೆ ಒಣ ಹಪ್ಪಳದಂತೆ ಉದುರಿ ಬೆತ್ತಲೆ ತಾಮ್ರ ಕಂಡರೆ ಟೇಪ್ ಸುತ್ತಿ ಮುಚ್ಚಬೇಡಿ. ಅಕ್ಕಪಕ್ಕದ ಎರಡು ವೈರುಗಳು ತಾಗಿದರೆ ದುಬಾರಿ ಕಂಟ್ರೋಲ್ ಯೂನಿಟ್ ಹೋಗುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹೊಸ ವೈರಿಂಗ್ ಸಿಗುವವರೆಗೆ ಅಥವಾ ನುರಿತ ಆಟೊ ಎಲೆಕ್ಟ್ರಿಷಿಯನ್ ಅದೇ ದಪ್ಪದ, ಬಿಸಿ ತಾಳುವ ವೈರಿನಲ್ಲಿ ಕಟ್ಟಿಕೊಡುವವರೆಗೆ ಕಾರನ್ನು ನಿಲ್ಲಿಸಿ. ಅವರ ಬಳಿ ಹೋಗುವಾಗ ನೀವು ಅಳೆದ ಅಂಕಿಗಳನ್ನೆಲ್ಲ ಬರೆದ ಚೀಟಿಯನ್ನು ಜೊತೆಗೆ ಒಯ್ಯಿರಿ.